ರಾಣಿ ಕಟ್ಟಿಸದ ಕಟ್ಟೆ

ಚಾಮರಾಜನಗರದಲ್ಲಿ ಎಂ.ಎ. ಓದುವಾಗ ನಾನು ಪ್ರಬಂಧಕ್ಕೆ ಆರಿಸಿಕೊಂಡದ್ದು ಗುಂಡ್ಲುಪೇಟೆ ತಾಲ್ಲೂಕಿನ ಕೆರೆಕಟ್ಟೆಗಳ ಚರಿತ್ರೆ. ಅದರಲ್ಲಿ ನನ್ನ ತಾಯಿಯ ತವರೂರಿನ ಕಟ್ಟೆಯೂ ಇತ್ತು. ಮೊಬೈಲಿನಲ್ಲಿ ಹುಡುಕಿದರೆ ಐದು ಜಾಲತಾಣಗಳು ಒಂದೇ ಮಾತು ಹೇಳುತ್ತಿದ್ದವು: ಬೇಟೆಗೆ ಬಂದ ಅರಸನ ರಾಣಿ ಇಲ್ಲಿ ಬಾಯಾರಿ ಬಳಲಿದಳು, ಆಮೇಲೆ ಈ ಕಟ್ಟೆ ಕಟ್ಟಿಸಿದಳು. ಬರೆದುಕೊಂಡೆ. ಊರಿಗೆ ಹೋದಾಗ ಅಜ್ಜಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ರಾಣಿನೂ ಇಲ್ಲ, ಗೀಣಿನೂ ಇಲ್ಲ ಕಣಮ್ಮಿ. ಆ ವರ್ಸ ಮಳೆ ಓಗ್ಬುಡ್ತು. ಸರ್ಕಾರದೋರು ಕೂಲಿಗೆ ಜ್ವಾಳ ಕೊಟ್ಟು ಅಗೆಸುದ್ರು. ಮಂಕ್ರೀಲಿ ಮಣ್ಣೊತ್ತೋಳು ನಾನು. ನಿಮ್ಮವ್ವ ಆಗ ನನ್ನೊಟ್ಟೇಲಿದ್ಲು.”

ಜೊತೆಯಲ್ಲಿ ಮಣ್ಣು ಹೊತ್ತವರನ್ನೆಲ್ಲ ಬೆರಳು ಮಡಚಿ ಹೇಳಿದಳು. ಅವರಲ್ಲಿ ಒಬ್ಬರೂ ಬದುಕಿರಲಿಲ್ಲ.

ನನ್ನ ಮಾರ್ಗದರ್ಶಕರು ಸಮಾಧಾನವಾಗಿಯೇ ಕೇಳಿಸಿಕೊಂಡರು. “ನಾನು ನಂಬ್ತೀನಮ್ಮ. ಆದ್ರೆ ಸ್ವಂತ ಅಜ್ಜಿ ಮಾತೊಂದೇ ಆಧಾರ ಅಂದ್ರೆ ಪರೀಕ್ಷಕರು ಒಪ್ಪಲ್ಲ. ಬರಹದಲ್ಲಿ ಏನಾದ್ರೂ ಸಿಗುತ್ತಾ ನೋಡಿ.”

ನೋಡಿದೆ. ಮೊದಲನೆಯ ಜಾಲತಾಣ ಎರಡನೆಯದನ್ನು ಆಧಾರವೆನ್ನುತ್ತಿತ್ತು, ಎರಡನೆಯದು ಮೂರನೆಯದನ್ನು, ಮೂರನೆಯದು ತಿರುಗಿ ಮೊದಲನೆಯದನ್ನೇ. ಉಳಿದೆರಡು ಯಾವ ಆಧಾರವನ್ನೂ ಹೇಳುತ್ತಿರಲಿಲ್ಲ. ಒಂದರಲ್ಲಿ ಫೋನ್ ನಂಬರಿತ್ತು. ಮಾಡಿದೆ.

“ಯಾರೋ ವಾಟ್ಸಾಪಲ್ಲಿ ಕಳ್ಸಿದ್ರು ಮೇಡಂ. ಚೆನ್ನಾಗಿತ್ತು, ಹಾಕ್ದೆ,” ಎಂದರು ಆ ಕಡೆಯವರು.

“ಅದು ತಪ್ಪು ಸಾರ್. ತೆಗೀತೀರಾ?”

“ನಿಮ್ಮತ್ರ ಆಧಾರ ಇದ್ರೆ ಕಳ್ಸಿ, ಈಗ್ಲೇ ತೆಗೀತೀನಿ.”

ಆಧಾರ ಹುಡುಕಲು ಗುಂಡ್ಲುಪೇಟೆಗೆ ನಾಲ್ಕು ಸಲ ಬಸ್ಸು ಹತ್ತಿ ಸರ್ಕಾರಿ ಕಚೇರಿಗಳಲ್ಲಿ ವಿಚಾರಿಸಿದೆ. ಅಷ್ಟು ಹಳೆಯ ಕಾಮಗಾರಿಯ ಕಾಗದ ಎಲ್ಲೂ ಸಿಗಲಿಲ್ಲ. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂತು. ಕೊನೆಗೆ ‘ಕಟ್ಟೆಯನ್ನು ರಾಣಿಯೊಬ್ಬಳು ಕಟ್ಟಿಸಿದಳೆಂಬ ಹೇಳಿಕೆಯಿದೆ’ ಎಂದು ಬರೆದು ಅಡಿಟಿಪ್ಪಣಿಯಲ್ಲಿ ಲಿಂಕ್ ಕೊಟ್ಟೆ. ಅದರ ಮುಂದೆ, ‘ಬರಗಾಲದಲ್ಲಿ ಕೂಲಿಯವರು ಅಗೆದದ್ದೆಂದು ಸ್ಥಳೀಯರು ಹೇಳುತ್ತಾರೆ’ ಎಂದೆ. ಆ ಸಾಲಿಗೆ ಅಡಿಟಿಪ್ಪಣಿ ಇರಲಿಲ್ಲ.

ಅಜ್ಜಿಗೆ ಓದಿ ಹೇಳಿದಾಗ ಅವಳು ಕೇಳಿದಳು, “ಸ್ಥಳೀಯರು ಅಂದ್ರೆ ಯಾರಮ್ಮಿ?”

“ನೀನೇ ಅಜ್ಜಿ.”

“ಅಂಗಂದ್ರೆ ನನ್ನೆಸ್ರೇ ಆಕ್ಬೋದಾಗಿತ್ತಲ್ಲ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ತಲೆಯೆತ್ತಲು ಆಗಲಿಲ್ಲ.

ಒಳ್ಳೆಯ ಅಂಕ ಬಂತು. ಕಾಲೇಜಿನವರು ಪ್ರಬಂಧವನ್ನು ಅಂತರ್ಜಾಲದಲ್ಲಿ ಹಾಕಿದರು. ಕೆಲವು ತಿಂಗಳ ಮೇಲೆ ಸುಮ್ಮನೆ ಹುಡುಕಿದೆ. ಆರನೆಯ ಜಾಲತಾಣವೊಂದು ಹುಟ್ಟಿಕೊಂಡಿತ್ತು. ರಾಣಿಯ ಕಥೆಯ ಕೆಳಗೆ ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂದು ಬರೆದು ನನ್ನ ಪ್ರಬಂಧದ ಲಿಂಕ್ ಕೊಟ್ಟಿದ್ದರು. ಕೂಲಿಯವರ ಸಾಲನ್ನು ಕೈಬಿಟ್ಟಿದ್ದರು. ಮೂರು ಸಲ ಅವರಿಗೆ ಬರೆದೆ. ಉತ್ತರ ಬರಲಿಲ್ಲ.

ಮೊನ್ನೆ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅವಳೂ ಕೆರೆಗಳ ಮೇಲೆ ಬರೆಯುತ್ತಿದ್ದಾಳೆ.

“ಅಕ್ಕ, ಆ ರಾಣಿ ಹೆಸ್ರೇನು? ಎಲ್ಲೂ ಸಿಗ್ತಿಲ್ಲ.”

“ರಾಣಿ ಇರಲೇ ಇಲ್ಲಮ್ಮ,” ಎಂದೆ.

“ಇಲ್ಲ ಅನ್ನೋಕೆ ಆಧಾರ ಏನಾದ್ರೂ ಇದ್ಯಾಕ್ಕ?”