ನನ್ನ ಕತೆ ಹೇಳಿ ಅವಳು ಗೆದ್ದದ್ದು

ಜಮಖಂಡಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುವಾಗ ನನಗೊಬ್ಬಳು ಗೆಳತಿಯಿದ್ದಳು. ಇಬ್ಬರೂ ರಬಕವಿಯವರು, ಒಂದೇ ಓಣಿ. ಅವಳ ಅಪ್ಪನದು ಸೀರೆ ವ್ಯಾಪಾರ. ನಮ್ಮಪ್ಪ ಮನೆಯಲ್ಲೇ ಪವರ್‌ಲೂಮಿನ ಮೇಲೆ ಸೀರೆ ನೇಯುತ್ತಿದ್ದ. ಹೊಸ ಬಣ್ಣದ ಸೀರೆ ಮಗ್ಗದಿಂದ ಇಳಿದಾಗ ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಕಳಿಸಲು ಫೋಟೋ ಬೇಕಾಗುತ್ತಿತ್ತು. ಸೀರೆ ಉಟ್ಟು ನಿಲ್ಲುತ್ತಿದ್ದವಳು ಅವಳು, ಫೋಟೋ ತೆಗೆಯುತ್ತಿದ್ದವಳು ನಾನು. ನಿರಿಗೆ ಹಿಡಿದು, ಸೆರಗು ಸರಿಮಾಡಿ, ಬೆಳಕಿನ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದೆ. ನೀನೂ ಒಂದು ಉಟ್ಟು ನಿಲ್ಲು ಎಂದು ನಮ್ಮವ್ವ ಕೂಡ ಒಮ್ಮೆಯೂ ಹೇಳಲಿಲ್ಲ.

ನನ್ನ ಮೈ ದೊಡ್ಡದು. ಹೈಸ್ಕೂಲಿನಿಂದಲೂ ಹಾಗೆಯೇ. ಆದರೆ ಮಾತು ಮತ್ತು ಬರವಣಿಗೆಯಲ್ಲಿ ನಾನು ಮುಂದಿದ್ದೆ. ಅವಳು ನೋಟ್ಸಿಗೆ ನನ್ನ ಹತ್ತಿರವೇ ಬರುತ್ತಿದ್ದಳು. ರೂಪ ಅವಳದು, ಮಾತು ನನ್ನದು ಎಂದು ಮನಸ್ಸಿನಲ್ಲೇ ಪಾಲು ಮಾಡಿಕೊಂಡಿದ್ದೆ. ಆ ಪಾಲಿನ ಮೇಲೆ ನಮ್ಮ ಗೆಳೆತನ ಚೆನ್ನಾಗಿಯೇ ನಡೆದಿತ್ತು.

ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲಿ ಗಲಗಲಿಯಲ್ಲಿ ಅವಳ ಸೋದರಮಾವನ ಮಗನ ಮದುವೆ. ನನ್ನನ್ನೂ ಕರೆದುಕೊಂಡು ಹೋದಳು. ಮೆರವಣಿಗೆಯಲ್ಲಿ ಡಿಜೆ ಹಚ್ಚಿದ್ದರು. ಆಗ ನಮ್ಮ ಕಡೆ ಎಲ್ಲರ ಮೊಬೈಲಿನಲ್ಲೂ ಓಡುತ್ತಿದ್ದ ಒಂದು ಹಾಡಿತ್ತು. ದಪ್ಪ ಹುಡುಗಿಯೊಬ್ಬಳನ್ನು ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರಿಗೆ ಹೋಲಿಸಿ, ದಾರಿ ಬಿಡಿರೋ ಹುಡುಗರಾ ಎಂದು ಕೂಗುವ ಹಾಡು. ಅದು ಬಂದದ್ದೇ ಕುಣಿಯುತ್ತಿದ್ದ ಹುಡುಗರು ನನ್ನ ಕಡೆ ತಿರುಗಿದರು. ಇಬ್ಬರು ಕೈಚಾಚಿ ದಾರಿ ಬಿಡಿಸಿದರು. ಒಬ್ಬ ಬಾಯಲ್ಲಿ ಹಾರ್ನ್ ಹೊಡೆದ. ಹೆಂಗಸರೂ ನಕ್ಕರು.

ಅವಳು ನನ್ನ ಕೈಹಿಡಿದು ಹೊಳೆಯ ದಂಡೆಗೆ ಕರೆದೊಯ್ದಳು. ಊಟಕ್ಕೆ ಕರೆ ಬರುವ ತನಕ ಇಬ್ಬರೂ ಅಲ್ಲೇ ಕೂತೆವು. ಯಾರಿಗೂ ಹೇಳದ್ದನ್ನು ಅವತ್ತು ಅಳುತ್ತ ಅವಳಿಗೆ ಹೇಳಿದೆ. ಆ ಹಾಡು ಬಂದಾಗಿನಿಂದ ಬಸ್‌ಸ್ಟ್ಯಾಂಡಿನಲ್ಲಿ ನಾನು ಗೋಡೆಗೆ ಬೆನ್ನು ಹಚ್ಚಿಯೇ ನಿಲ್ಲುತ್ತೇನೆ, ಹಿಂದಿನಿಂದ ಯಾರೂ ಅದನ್ನು ಗುನುಗಬಾರದು ಎಂದು. ಅವಳು ನನ್ನ ಜಡೆಯಿಂದ ಜಾರುತ್ತಿದ್ದ ಹೂವನ್ನು ಸಿಕ್ಕಿಸಿದಳು.

ಕಾಲೇಜು ಶುರುವಾದ ಮೇಲೆ ಚರ್ಚಾ ಸ್ಪರ್ಧೆ ಇಟ್ಟರು. ವಿಷಯ: ಇಂದಿನ ಹಿಟ್ ಹಾಡುಗಳಲ್ಲಿ ಹೆಣ್ಣಿನ ಮೈ ಮಾತ್ರ ಇದೆ, ಸಾಹಿತ್ಯವಿಲ್ಲ. ಪರ, ವಿರೋಧ ಎಂದು ಚೀಟಿ ಎತ್ತಿಸಿದರು. ಅವಳಿಗೆ ಪರ ಬಂತು, ನನಗೆ ವಿರೋಧ. ಸಾಹಿತ್ಯವಿದೆ ಎಂದು ನಾನು ವಾದಿಸಬೇಕು.

ನಾನು ಆ ಟ್ರ್ಯಾಕ್ಟರ್ ಹಾಡನ್ನೇ ಎತ್ತಿಕೊಂಡೆ. ಒಂದು ವಾರ ಅದನ್ನು ಬಿಡಿಸಿ ಬಿಡಿಸಿ ನೋಡಿದೆ. ಪ್ರಾಸ ಎಲ್ಲೂ ಎಳೆದು ತಂದದ್ದಲ್ಲ, ಹೋಲಿಕೆ ನಮ್ಮ ಮುಧೋಳ ರಸ್ತೆಯಿಂದಲೇ ಎದ್ದು ಬಂದದ್ದು. "ಬರೆದವನಿಗೆ ಕರುಣೆಯಿಲ್ಲ ಎಂದರೆ ಒಪ್ಪುತ್ತೇನೆ, ಕಿವಿಯಿಲ್ಲ ಎಂದರೆ ಒಪ್ಪುವುದಿಲ್ಲ," ಎಂದು ಮುಗಿಸಿದೆ. ಈಗಲೂ ಅದು ನಾನು ಆಡಿದ ಒಳ್ಳೆಯ ಮಾತುಗಳಲ್ಲಿ ಒಂದು. ಆದರೆ ಹಾಡಿನ ಸಾಲು ಹೇಳಿದಾಗ ಸಭೆ ನಕ್ಕಿತು. ಸಾಲಿಗೆ ನಕ್ಕದ್ದಲ್ಲ ಅದು, ನನ್ನನ್ನು ನೋಡಿ ನಕ್ಕದ್ದು.

ನನ್ನ ನಂತರ ಅವಳು ಎದ್ದಳು. ಸಾಹಿತ್ಯದ ಬಗ್ಗೆ ಒಂದೂ ಮಾತಿಲ್ಲ. "ನನಗ ಗೊತ್ತಿರೋ ಒಬ್ಬ ಹುಡುಗಿ ಅದಾಳ್ರಿ," ಎಂದು ಶುರುಮಾಡಿದಳು. ಗೋಡೆಗೆ ಬೆನ್ನು ಹಚ್ಚಿ ನಿಲ್ಲುವ ಹುಡುಗಿ. ಹೆಸರು ಹೇಳಲಿಲ್ಲ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು. ಹಿಂದಿನ ಬೆಂಚಿನ ಹುಡುಗರೂ ತಲೆ ತಗ್ಗಿಸಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಅತ್ತರೂ ಎಷ್ಟು ಚೆಂದ ಕಾಣುತ್ತಾಳೆ ಅನ್ನಿಸಿತು. ಅದೇ ಮಾತು ನಾನು ಹೇಳಿದ್ದರೆ ಯಾರೋ ಹಾರ್ನ್ ಹೊಡೆಯುತ್ತಿದ್ದರು. ನನ್ನ ನೋವು ಕೂಡ ಅವಳ ಮೈಮೇಲೆಯೇ ಒಪ್ಪುತ್ತದೆ, ನಮ್ಮ ಮನೆಯ ಸೀರೆಯ ಹಾಗೆ.

ಮೊದಲ ಬಹುಮಾನ ಅವಳಿಗೆ, ಎರಡನೆಯದು ನನಗೆ. ನಿರ್ಣಾಯಕರಾಗಿ ಬಂದಿದ್ದ ನಿವೃತ್ತ ಮೇಷ್ಟ್ರು ನನ್ನ ಕೈಗೆ ಪ್ರಮಾಣಪತ್ರ ಕೊಡುತ್ತ, "ಛಲೋ ಮಾತಾಡಿದೆವ್ವಾ. ಆದ್ರ ನಿನ್ನಂಥಾಕಿ ಆ ಕಡೆ ಮಾತಾಡಿದ್ರ ಇನ್ನೂ ಛಲೋ ಇರ್ತಿತ್ತು," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಊರಿಗೆ ಮರಳುವ ಬಸ್ಸಿನಲ್ಲಿ ನಾನೇ ಬಾಯಿ ತೆರೆದೆ.

"ನನ್ನ ಒಂದ ಮಾತ ಕೇಳಬೇಕಿತ್ತ ನೀ."

"ಕೇಳಿದ್ರ ಬ್ಯಾಡ ಅಂತಿದ್ದಿ," ಎಂದಳು. "ನೀ ಆ ಹಾಡನ್ನ ಹೊಗಳಾಕತ್ತಿದ್ದಿ. ಮಂದಿ ನಗಾಕತ್ತಿದ್ರು. ನಂಗ ತಡಕೊಳ್ಳಾಕ ಆಗಲಿಲ್ಲ. ನಾ ಬರಕೊಂಡ ಬಂದಿದ್ದ ಬ್ಯಾರೇನ ಇತ್ತ."

ಬರೆದುಕೊಳ್ಳದೆ ಅಷ್ಟು ಚೆನ್ನಾಗಿ ಮಾತಾಡಿದಳೇ ಎಂಬುದು ಮತ್ತಷ್ಟು ಚುಚ್ಚಿತು.

ಮುಂದಿನ ಸುತ್ತು ಮುಧೋಳದಲ್ಲಿ, ಅದೇ ವಿಷಯದ ಮೇಲೆ, ಬೇರೆ ಬೇರೆ ಕಾಲೇಜುಗಳ ನಡುವೆ. ಒಂದು ಕಾಲೇಜಿನಿಂದ ಒಬ್ಬರೇ, ಮೊದಲು ಬಂದವರು, ಹೋಗಬೇಕು. ಅವಳು ನಮ್ಮ ಮನೆಗೆ ಬಂದು, ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ, "ನನ್ನ ಭಾಷಣಾನ ಇನ್ನೂ ಛಂದಾಗಿ ಬರದ ಕೊಡ," ಎಂದು ಕೇಳಿದಳು. ನಾನು ಅವಳನ್ನು ಹೊರಗೆ ಕರೆದು ಹೇಳಿದೆ:

"ಆ ಹುಡುಗಿ ಸುದ್ದಿ ತಗದ ಬಿಡ. ನಂಗ ನೋವಾಗ್ತೈತಿ."

ನೋವು ಅಷ್ಟೇನೂ ಉಳಿದಿರಲಿಲ್ಲ. ಆ ಕತೆಯಿಲ್ಲದಿದ್ದರೆ ಅವಳು ಗೆಲ್ಲುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅಷ್ಟೆ. ಅವಳು ನನ್ನ ಮುಖ ನೋಡಿ, "ಆತು, ತಗೀತೀನಿ," ಎಂದಳು. ನಾನು ಸಮಾಜ, ಸಂಸ್ಕೃತಿ, ಯುವಜನತೆ ಎಂಬ ಶಬ್ದಗಳನ್ನು ತುಂಬಿ ಎರಡು ಪುಟದ ಸಪ್ಪೆ ಭಾಷಣ ಬರೆದುಕೊಟ್ಟೆ. ನನಗೆ ಅದಕ್ಕಿಂತ ಚೆನ್ನಾಗಿ ಬರೆಯಲು ಬರುತ್ತಿತ್ತು.

ಮುಧೋಳಕ್ಕೆ ಅವಳ ಜೊತೆ ಹೋದೆ. ಮುಂದಿನ ಸಾಲಿನಲ್ಲೇ ಕೂತಿದ್ದೆ. ಅವಳು ಹಾಳೆಯಲ್ಲಿದ್ದದ್ದನ್ನು ಒಪ್ಪಿಸಿದಳು. ಯಾವ ಬಹುಮಾನವೂ ಬರಲಿಲ್ಲ. ಹೊರಗೆ ಬಂದು ಇಬ್ಬರಿಗೂ ಕಬ್ಬಿನ ಹಾಲು ಕೊಡಿಸಿದಳು. "ಹೋಗ್ಲಿ ಬಿಡ, ನೀ ಮುಂದ ಕುಂತಾಗ ಆ ಹುಡುಗಿ ಸುದ್ದಿ ಹೇಳಾಕ ನಂಗೂ ಬಾಯಿ ಬರತಿದ್ದಿಲ್ಲ," ಎಂದು ನಕ್ಕಳು. ನಾನು ಗೆದ್ದಿದ್ದೆ. ಲೋಟ ಖಾಲಿ ಮಾಡುವುದು ಕಷ್ಟವಾಯಿತು.

ಈಗ ನಾನು ಬನಹಟ್ಟಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಅವಳನ್ನು ಬೀಳಗಿಗೆ ಕೊಟ್ಟಿದ್ದಾರೆ, ಇಬ್ಬರು ಮಕ್ಕಳಿದ್ದಾರೆ. ಹೋದ ತಿಂಗಳು ಜಮಖಂಡಿಯಲ್ಲಿ ಸಿಕ್ಕಳು. ಅವಳನ್ನು ಕಂಡ ಕೂಡಲೇ ನಾನು ನೋಡಿದ್ದು ಅವಳ ಸೊಂಟವನ್ನು. ಆ ಸಣ್ಣ ಸೊಂಟ ಹೋಗಿತ್ತು. ತೋಳು ತುಂಬಿದ್ದವು, ಗದ್ದದ ಕೆಳಗೆ ಮಡಿಕೆ ಬಿದ್ದಿತ್ತು. ಎದೆಯೊಳಗೆ ಏನೋ ತಣ್ಣಗಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಅದು ನಿಜ.

ಹೋಟೆಲಿನಲ್ಲಿ ಕೂತೆವು. ಆ ನಾಚಿಕೆಗೋ ಏನೋ, ಮುಧೋಳದ ಸುದ್ದಿ ತೆಗೆದು ಎಲ್ಲ ಹೇಳಿಬಿಟ್ಟೆ. ನೋವಾಗುತ್ತದೆ ಎಂದದ್ದು ಸುಳ್ಳು, ನೀನು ಸೋಲಲಿ ಎಂದೇ ಹಾಗೆ ಬರೆದುಕೊಟ್ಟೆ ಎಂದೆ.

ಅವಳು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಇದನ್ನ ಹೇಳಬಾರದಿತ್ತ ನೀ," ಎಂದಳು. ಆಮೇಲೆ, "ಆದ್ರ ಗಲಗಲಿಯೊಳಗ ಅತ್ತಿದ್ದಂತೂ ಖರೆ ಅಲ್ಲ?"

"ಖರೆ."

"ಮತ್ತ ಆತು, ಬಿಡ."

ಮಿರ್ಚಿ ಭಜಿ ಬಂತು. ಜಂಪರುಗಳ ಹೊಲಿಗೆಯನ್ನೆಲ್ಲ ಬಿಚ್ಚಿಸಿ ಅಗಲ ಮಾಡಿಸಿದ್ದನ್ನು ಅವಳು ನಗುನಗುತ್ತ ಹೇಳಿದಳು, ತೋಳೆತ್ತಿ ತೋರಿಸಿದಳು. ಪಕ್ಕದ ಟೇಬಲ್ಲಿನವರು ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಆ ಮೈಯನ್ನೂ ಅವಳು ಹಿಂದಿನದರ ಹಾಗೆಯೇ ಹೊತ್ತಿದ್ದಳು, ಯಾವ ಲೆಕ್ಕವೂ ಇಲ್ಲದೆ. ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಕೂತಿದ್ದೆ, ಮತ್ತೆ ಅದೇ ಹಳೆಯ ಕಿಚ್ಚು.

"ಇನ್ನೊಂದ ಪ್ಲೇಟ್ ಹೇಳಲೇನ?" ಎಂದಳು.

ನನಗೆ ಹಸಿವಿತ್ತು. ಸಾಕು ಎಂದೆ.