ತೊಮಾಸಾ ಬಚ್ಚಿಟ್ಟ ಬೀಜ

ಗ್ವಾಟೆಮಾಲದಲ್ಲಿ ಎಲ್ಲಿ ಬೀಜ ಊರಿದರೂ ಬೀನ್ಸ್ ಬೆಳೆಯುತ್ತದೆ ಎನ್ನುವವರು ನಮ್ಮ ಗುಡ್ಡ ಹತ್ತಿದವರಲ್ಲ. ತೊತೊನಿಕಪಾನ್ ಸಂತೆಯಿಂದ ತಂದ ಬೀಜ ಇಲ್ಲಿ ಮೊಳೆಯುತ್ತದೆ, ಎರಡು ಮೊಳ ಏರುತ್ತದೆ, ಹೂ ಬಿಡುವ ಹೊತ್ತಿಗೆ ಹೆಪ್ಪುಗಟ್ಟಿದ ಇಬ್ಬನಿಗೆ ಕರಟಿಹೋಗುತ್ತದೆ. ತೊಮಾಸಾಳ ಹಿತ್ತಲಿನ ಕರಿ ಬೀನ್ಸ್ ಮಾತ್ರ ಮೆಕ್ಕೆಜೋಳದ ದಂಟನ್ನು ತಬ್ಬಿಕೊಂಡು ತುದಿಯವರೆಗೂ ಹೋಗಿ ಕಾಯಿ ಬಿಡುತ್ತಿತ್ತು. ಅದು ಅವಳ ಅಜ್ಜಿಯ ಕಾಲದ ಬೀಜ. ಗಂಡ ದೊಮಿಂಗೊ ಗುಡ್ಡ ಕುಸಿದು ಸತ್ತ ವರ್ಷ ಅವಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಸಾಕಿದ್ದು ಆ ಹಿತ್ತಲೇ.

ಬೇಯಿಸಿದ ಕಾಳನ್ನು ಕೇಳಿದವರಿಗೆಲ್ಲ ಬಟ್ಟಲು ತುಂಬಾ ಕೊಡುತ್ತಿದ್ದಳು. ಬಿತ್ತುವ ಬೀಜ ಮಾತ್ರ ಒಂದೂ ಇಲ್ಲ. ಬೀಜ ಕೊಟ್ಟರೆ ಹಿತ್ತಲಿನ ಹಸಿರೂ ಅದರ ಹಿಂದೆಯೇ ಹೋಗುತ್ತದೆ ಎಂದು ಅವಳ ತಾಯಿ ಹೇಳಿ ಸತ್ತಿದ್ದಳಂತೆ. ಜಿಪುಣಿ ಎಂದು ನಾವೆಲ್ಲ ಆಡಿಕೊಂಡೆವು. ಕೇಳಿ ತಂದ ಬೀಜಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಹಬ್ಬುತ್ತದೆ ಎನ್ನುವ ಮಾತೂ ನಮ್ಮಲ್ಲಿ ಉಂಟು. ಇಂಥ ಎರಡು ನಂಬಿಕೆ ಒಂದೇ ಊರಿನಲ್ಲಿದ್ದರೆ ಜಗಳ ಹುಟ್ಟದೆ ಇನ್ನೇನು ಹುಟ್ಟೀತು?

ಒಂದು ಡಿಸೆಂಬರಿನಲ್ಲಿ ಬೆಳೆ ಕಡಿಮೆ. ಒಣಗಿದ ಬಳ್ಳಿ ಕಿತ್ತು ಅಂಗಳದಲ್ಲಿ ಹರವಿ ಕೋಲಿನಿಂದ ಬಡಿಯಲು ದೊಮಿಂಗೊನ ತಂಗಿ ಇಲಾರಿಯಾ ಹಳ್ಳದಾಚೆಯ ತನ್ನ ಗಂಡನ ಮನೆಯಿಂದ ಬಂದಿದ್ದಳು. ಬೀಜಕ್ಕೆಂದು ಆರಿಸಿದ ಕಾಯಿಗಳನ್ನು ಬಡಿಯುವುದಿಲ್ಲ. ಗೊಂಚಲು ಕಟ್ಟಿ ಒಲೆಯ ಮೇಲಿನ ತೊಲೆಗೆ ನೇತುಹಾಕುತ್ತಾರೆ, ಹೊಗೆ ತಾಗಿದರೆ ಹುಳ ಹತ್ತುವುದಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಗೊಂಚಲು ಮಾಯ.

ತೊಮಾಸಾ ನೇರ ಊರಿನ ಬಟ್ಟೆ ಒಗೆಯುವ ತೊಟ್ಟಿಗೆ ಹೋದಳು. ಹೆಂಗಸರೆಲ್ಲ ಅಲ್ಲೇ ಇದ್ದರು, ಇಲಾರಿಯಾಳೂ ಇದ್ದಳು.

"ಏ ಕಳ್ಳಿ! ಶಾಲಿನೊಳಗೆ ಏನೇನು ತುರುಕ್ಕೊಂಡು ಹೋದೆ, ಬಿಚ್ಚಿ ತೋರ್ಸೇ! ಸತ್ತ ಅಣ್ಣನ ಮಕ್ಕಳ ಬಾಯಿಗೆ ಮಣ್ಣು ಹಾಕ್ತೀಯಲ್ಲೇ, ನಿನ್ನ ಕೈ ಸೇದಿಹೋಗ!"

ಇಲಾರಿಯಾ ಬಟ್ಟೆ ಹಿಂಡುತ್ತ ತಲೆ ಎತ್ತಲಿಲ್ಲ. "ಕೇಳಿದ್ರೆ ಕೊಡ್ತಿದ್ರಾ ಅತ್ತಿಗೆ?" ಎಂದಳು, ಅಷ್ಟೇ.

ಆ ಸಂಜೆಯೂ ತೊಮಾಸಾಳ ಸಿಟ್ಟು ಇಳಿದಿರಲಿಲ್ಲ. ಕಣ್ಣಿಗೆ ಕಾಣುವಂತೆ ನೇತುಹಾಕಿದರೆ ತಾನೇ ಕದಿಯುತ್ತಾರೆ? ಉಳಿದ ಗೊಂಚಲುಗಳನ್ನೆಲ್ಲ ಇಳಿಸಿ, ಸುಲಿದು, ಮಡಕೆಗೆ ಸುರಿದಳು. ಹುಳಕ್ಕೆಂದು ಒಲೆಯಿಂದ ಬೂದಿ ಬಾಚಿ ಬೆರೆಸಿ, ಬಾಯಿಗೆ ಹಸಿ ಮಣ್ಣು ಮೆತ್ತಿ, ಮಂಚದ ಕೆಳಗೆ ನೂಕಿದಳು. ಬೂದಿ ರಾತ್ರಿಯೆಲ್ಲ ಆರಿರಬೇಕು ಎಂಬುದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಬೂದಿ ಮುಚ್ಚಿದ ಕೆಂಡ ಎಂದು ಬೇರೆಯವರ ಬಗ್ಗೆ ಹೇಳುವ ನಮಗೆ ನಮ್ಮ ಒಲೆಯದು ಕಾಣುವುದಿಲ್ಲ.

ಈಸ್ಟರ್ ಹೊತ್ತಿಗೆ ಊಟದ ಕಾಳು ಮುಗಿಯಿತು. ಬೀಜ ಭದ್ರವಾಗಿದೆ ಎಂಬ ಧೈರ್ಯದಲ್ಲಿ ಕೊನೆಯ ಬೊಗಸೆಯನ್ನೂ ಬೇಯಿಸಿ ಮಕ್ಕಳಿಗೆ ಬಡಿಸಿದಳು. ಮೊದಲ ಮಳೆ ಬಿತ್ತು. ಮೇಣದ ಬತ್ತಿ ಹಚ್ಚಿ, ಧೂಪ ಹಾಕಿ, ನೆಲದ ಅಪ್ಪಣೆ ಕೇಳಿ ಜೋಳದ ಜೊತೆಗೆ ಬೀನ್ಸ್ ಬಿತ್ತಿದಳು. ಕರಿ ಕಾಳು, ಮೈಗೆಲ್ಲ ಬೂದಿ. ಹೊರಗಿನಿಂದ ಏನು ತಿಳಿಯಬೇಕು?

ಜೋಳ ಮೇಲೆದ್ದಿತು. ಬೀನ್ಸ್ ಏಳಲಿಲ್ಲ. ನಾಳೆ ಏಳುತ್ತದೆ, ನಾಡಿದ್ದು ಏಳುತ್ತದೆ ಎಂದು ಕಾದು ಕಾದು ಒಂದು ಬೆಳಿಗ್ಗೆ ಬೆರಳಿನಿಂದ ಮಣ್ಣು ಕೆದಕಿದಳು. ಕಾಳು ಬಿರಿದು ಕೊಳೆತಿತ್ತು. ಮಡಕೆಯ ತಳದಲ್ಲಿ ಉಳಿದಿದ್ದ ಒಂದನ್ನು ಬಾಯಿಗೆ ಹಾಕಿ ಕಚ್ಚಿದಳು. ಕಟುಂ ಎಂದಿತು. ಹುರಿದ ಕಾಳು! ಹಿತ್ತಲಿನ ಸಾಲುಗಳನ್ನೆಲ್ಲ ಎರಡೂ ಕೈಯಿಂದ ತೋಡಿ ನೋಡಿದಳು, ತೋಡುತ್ತ ಬೊಬ್ಬೆ ಹೊಡೆದು ಅತ್ತಳು. ಇನ್ನು ಸ್ವಲ್ಪ ದಿನದಲ್ಲಿ ಬಿತ್ತುವ ಹದ ಮುಗಿದರೆ ಈ ವರ್ಷ ಊಟಕ್ಕೆ ಕಾಳಿಲ್ಲ, ಮುಂದೆ ಎಂದೆಂದಿಗೂ ಬೀಜವಿಲ್ಲ.

ಆಗ ನೆನಪಾದವಳು ಕಳ್ಳಿ. ಮೊಟ್ಟೆ ಇಡುವ ಒಂದೇ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ತೊಮಾಸಾ ಹಳ್ಳ ದಾಟಿದಳು. ದೇವರೇ, ಕದ್ದದ್ದು ಚೆನ್ನಾಗಿ ಹಬ್ಬಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಇಲಾರಿಯಾ ರೊಟ್ಟಿ ತಟ್ಟುತ್ತಿದ್ದಳು. "ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಇವತ್ತೇನು ಕಳುವಾಯ್ತು?"

"ಚುಚ್ಚಬೇಡ ಕಣೇ. ತಪ್ಪಾಯ್ತು, ನಿನ್ನ ಕಾಲು ಹಿಡ್ಕೋತೀನಿ. ನನ್ನ ಬೀಜ ಎಲ್ಲಾ ಬಿಸಿ ಬೂದೀಲಿ ಸುಟ್ಟುಹೋಯ್ತು. ನೀನು ಒಯ್ದಿದ್ದು ಬಿತ್ತಿದ್ದೀಯಲ್ಲ? ಒಂದು ಹಿಡಿ ಮಿಕ್ಕಿದ್ರೆ ಕೊಡೇ. ಈ ಕೋಳಿ ಇಟ್ಕೋ."

ಇಲಾರಿಯಾಳ ಕೈ ನಿಂತಿತು. "ಬಿತ್ತೋಕೇ ಒಯ್ದಿದ್ದೆ ಅತ್ತಿಗೆ, ಸುಳ್ಳು ಹೇಳಲ್ಲ. ನೀವು ಊರ ಮುಂದೆ ಹಾಗೆ ಕೂಗಿದ ಮೇಲೆ ಹೇಗೆ ಬಿತ್ತಲಿ? ಬಳ್ಳಿ ಎದ್ರೆ ಎಲ್ಲರ ಕಣ್ಣಿಗೂ ಬೀಳತ್ತೆ. ಶಾಪ ಹೊತ್ತ ಬೀಜ ಹಿತ್ತಲಿಗೆ ಬೇಡ ಅಂತ ನಮ್ಮತ್ತೇನೂ ಅಂದ್ರು. ಅವತ್ತು ಸಂಜೇನೇ ಬೇಯಿಸ್ಬಿಟ್ವಿ."

"ಎಲ್ಲಾನೂ?"

"ಎಲ್ಲಾನೂ."

ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುವುದಿಲ್ಲ. ಆದರೂ ತೊಮಾಸಾ ಮಂಡಿಯೂರಿ ನೆಲ ತಡಕತೊಡಗಿದಳು. ಬುಟ್ಟಿಯ ಸಂದಿಯಲ್ಲಿ, ರುಬ್ಬುವ ಕಲ್ಲಿನ ಅಡಿಯಲ್ಲಿ, ಗೋಡೆಯ ಬಿರುಕಿನಲ್ಲಿ. ಹಿಟ್ಟಿನ ಕೈ ಒರೆಸಿಕೊಂಡು ಇಲಾರಿಯಾ ತಾನೂ ಮಂಡಿಯೂರಿದಳು. ನಾಲ್ಕು ಕೈ ಹುಡುಕಿದರೂ ಸಿಕ್ಕಿದ್ದು ಜೋಳದ ನುಚ್ಚು, ಇಲಿ ಹಿಕ್ಕೆ.

"ರುಚಿಯಾಗಿತ್ತೇನೇ?" ನೆಲದ ಮೇಲೆ ಕೂತೇ ತೊಮಾಸಾ ಕೇಳಿದಳು.

ಇಲಾರಿಯಾಳ ಕಣ್ಣು ತುಂಬಿತು. "ಹೂಂ ಅತ್ತಿಗೆ. ತುಂಬಾ ರುಚಿಯಾಗಿತ್ತು. ಮಕ್ಕಳು ಇನ್ನೂ ಕೇಳ್ತಾರೆ."

ತೊಮಾಸಾ ಕೋಳಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ದೊಡ್ಡ ಮಗಳು ಒಲೆ ಹಚ್ಚಿ ಮಡಕೆಯಲ್ಲಿ ನೀರಿಟ್ಟು ಕಾಯುತ್ತಿದ್ದಳು.

"ಏನು ಬೇಯಿಸ್ಲಿ ಅಮ್ಮಾ?"

"ಉಪ್ಪಿದೆಯಲ್ಲ," ಎಂದಳು ತೊಮಾಸಾ.