ಹೊಟ್ಟೆಗೆ ಕಟ್ಟಿದ ಬಾಟಲಿ

ಅಂದಾನೆಪ್ಪ ಕುಡುಕ ಎಂದು ಇದನ್ನು ಬರೆಯುತ್ತಿರುವವನು ಪೂರ್ತಿ ಎರಡು ವರ್ಷ ನಂಬಿದ್ದ. ನಂಬಲು ಕಾರಣಗಳೂ ಇದ್ದವು. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಆ ಸಣಕಲು ಮನುಷ್ಯ, ಮೋಟೆಬೆನ್ನೂರು ದಾಟುವಷ್ಟರಲ್ಲಿ ಅಂಗಿಯೊಳಗೆ ಕೈ ಹಾಕಿ, ಹೊಟ್ಟೆಗೆ ಕಟ್ಟಿದ ವಸ್ತ್ರದ ಗಂಟಿನಿಂದ ಅಂಗೈಯಷ್ಟು ಗಾಜಿನ ಬಾಟಲಿ ತೆಗೆಯುತ್ತಿದ್ದ. ಬೆಳಕಿಗೆ ಹಿಡಿದು ನೋಡುತ್ತಿದ್ದ. ನಿಟ್ಟುಸಿರು ಬಿಟ್ಟು ಮತ್ತೆ ಒಳಗಿಡುತ್ತಿದ್ದ. ಅವನು ಕುಡಿದದ್ದನ್ನು ಯಾರೂ ಕಂಡಿರಲಿಲ್ಲ ಎಂಬುದೊಂದು ಸಣ್ಣ ತೊಡಕು. ಚಟವನ್ನು ಹತೋಟಿಯಲ್ಲಿಡಲು ಹೆಣಗುತ್ತಿರುವ ಬಡಪಾಯಿ ಎಂದುಕೊಂಡರೆ ಆ ತೊಡಕೂ ನೀಗುತ್ತಿತ್ತು. ಒಮ್ಮೆ ಅವನಿಗೆ ಕೇಳಲೆಂದೇ ಪಕ್ಕದ ಸೀಟಿನವರೊಡನೆ ಮದ್ಯಪಾನದ ಕೆಡುಕುಗಳ ಬಗ್ಗೆ ಊರು ಬರುವವರೆಗೂ ಗಟ್ಟಿಯಾಗಿ ಮಾತಾಡಿದ್ದೂ ಉಂಟು. ಅಂದಾನೆಪ್ಪ ಅಷ್ಟನ್ನೂ ಶ್ರದ್ಧೆಯಿಂದ ಕೇಳಿ, ಇಳಿಯುವಾಗ “ಛಲೋ ಹೇಳಿದ್ರಿ” ಎಂದು ಹೋಗಿದ್ದ.

ಬಾಟಲಿಯಲ್ಲಿ ಇದ್ದದ್ದು ನೀರು. ಯಾವುದೋ ಹಳ್ಳಿಯ ಬಾವಿಯದೋ ಬೋರಿನದೋ ನೀರು.

ಅವನು ಹಾವೇರಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಎರಡು ಕೋಣೆಯ ಸರಕಾರಿ ಲ್ಯಾಬಿನಲ್ಲಿ ತಂತ್ರಜ್ಞ. ಬಾಟಲಿಯ ತಳದಲ್ಲಿ ಔಷಧ ಸವರಿದ ಮಡಿಚಿದ ಕಾಗದ ಇರುತ್ತದೆ. ಗೆರೆಯವರೆಗೆ ನೀರು ತುಂಬಿ ಒಂದು ದಿನ ಬೆಚ್ಚಗಿಡಬೇಕು. ನೀರಿನಲ್ಲಿ ಮಲದ ಹುಳ ಸೇರಿದ್ದರೆ ಅದು ಕಾಡಿಗೆಯಂತೆ ಕಪ್ಪಾಗುತ್ತದೆ. ಇಲ್ಲದಿದ್ದರೆ ಹಾಗೇ ಉಳಿಯುತ್ತದೆ. ಆ ಹುಳದ ಹೆಸರು, ಕುಲ, ಗೋತ್ರ ತಿಳಿಯಬೇಕೆಂದರೆ ಆಮೇಲೆ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಬೇಕು. ಬೆಚ್ಚಗಿಡಲು ಸರಕಾರ ಒಂದು ಪೆಟ್ಟಿಗೆ ಕೊಟ್ಟಿತ್ತು. ಆದರೆ ಎರಡು ಸಾವಿರದ ನಾಲ್ಕರ ಆ ದಿನಗಳಲ್ಲಿ ಕರೆಂಟು ಬರುವುದೂ ಹೋಗುವುದೂ ಅದರ ಮರ್ಜಿಗೆ ಬಿಟ್ಟದ್ದು. ಕರೆಂಟಿಲ್ಲದ ಪೆಟ್ಟಿಗೆ ಬರೀ ಕಪಾಟು. ಅದಕ್ಕಾಗಿ ಅಂದಾನೆಪ್ಪ ಊರೂರು ತಿರುಗುವಾಗ ಬಾಟಲಿಯನ್ನು ಹೊಟ್ಟೆಗೇ ಕಟ್ಟಿಕೊಳ್ಳುತ್ತಿದ್ದ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಮಗ್ಗಲು ಬದಲಿಸದೆ ಅಂಗಾತ ಮಲಗುವುದು ರೂಢಿಯಾಗಿತ್ತು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಹೀಗೇಕೆ ಮಲಗುತ್ತೀ ಎಂದು ಕೇಳುವವರೂ ಇರಲಿಲ್ಲ.

ಒಂದೇ ಒಂದು ಸಲ ಅವನ ಕೆಲಸ ಪತ್ರಿಕೆಯಲ್ಲಿ ಬಂದಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ಕಾಲ. ತೊಟ್ಟು ಬಿಡಿಸಲು ಬಂದ ಹೆಣ್ಣುಮಕ್ಕಳು ತಗಡಿನ ಸಾಲುಮನೆಗಳಲ್ಲಿ ಇದ್ದರು. ಅಲ್ಲಿ ವಾಂತಿಭೇದಿ ಎದ್ದು ಇಬ್ಬರು ಹೋದರು. ಹತ್ತಿರ ಬೇರೆ ಲ್ಯಾಬಿಲ್ಲದ್ದರಿಂದ ಹದಿನಾಲ್ಕು ಜನರ ಮಲದ ಮಾದರಿಗಳು ಅವನಲ್ಲಿಗೇ ಬಂದವು. ಅಂದಾನೆಪ್ಪ ಮೂರು ದಿನ ಲ್ಯಾಬು ಬಿಟ್ಟು ಹೊರಬರಲಿಲ್ಲ. ಮೂರನೆಯ ದಿನ ಹುಳ ಬೆಳೆಸುವ ಹಸಿರು ತಟ್ಟೆಗಳ ಮೇಲೆ ಅರಿಷಿಣದ ನೀರು ಚಿಮುಕಿಸಿದಂತೆ ಹಳದಿ ಚುಕ್ಕೆಗಳು ಎದ್ದಿದ್ದವು. ಇನ್ನೂ ಒಂದೆರಡು ಪರೀಕ್ಷೆ ಮಾಡಿದ. ಕಾಲರಾ ಎಂಬುದು ಖಾತ್ರಿಯಾಯಿತು. ಸಿಕ್ಕ ಮೊದಲ ಬಸ್ಸಿಗೆ ಹೋಗಿ ಆ ಸಾಲಿನ ನೀರಿನ ತೊಟ್ಟಿ ಮುಚ್ಚಿಸಿದ. ಮೂರನೆಯ ಹೆಣ ಬೀಳಲಿಲ್ಲ. ಮರುದಿನದ ಪತ್ರಿಕೆಯಲ್ಲಿ ತೊಟ್ಟಿಗೆ ಬೀಗ ಹಾಕಿಸಿದ ಸ್ಥಳೀಯ ಮುಖಂಡರ ಫೋಟೊ ಬಂತು. ಬೀಗ ಅಂದಾನೆಪ್ಪನದು, ಅವನ ಕೋಣೆಯದು. ಅದು ತಿರುಗಿ ಬರಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ಪೂರ್ತಿ ಕೋಣೆ ಬೀಗವಿಲ್ಲದೆ ಇತ್ತು. ಒಳಗೆ ಯಾರೂ ಬರಲಿಲ್ಲ, ಕಳ್ಳರು ಕೂಡ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ಚಂಬು ನೀರು ಇಟ್ಟು ಆಮೇಲೆ ಮಾತು. ಈ ನೀರು ಅಂದಾನೆಪ್ಪನಿಗೆ ಒಂದೊಂದೇ ಮನೆಯಲ್ಲಿ ನಿಂತುಹೋಯಿತು. ಅವನು ಯಾರ ಮನೆಯ ನೀರನ್ನೂ ಕೇಳದೆ ಪರೀಕ್ಷಿಸಿದವನಲ್ಲ. ಆದರೆ ಚಂಬು ಕೈಗೆ ಬಂದ ಕೂಡಲೇ, ತನಗೆ ಗೊತ್ತಿಲ್ಲದೆಯೇ, ಒಂದು ಕ್ಷಣ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆ ಒಂದು ಕ್ಷಣ ಯಾವ ಗೃಹಿಣಿಗೆ ಸಹ್ಯವಾದೀತು? ಬರಬರುತ್ತ “ಕುಂದ್ರಿ” ಎನ್ನುವುದು ಉಳಿಯಿತು, ಚಂಬು ಒಳಗೇ ಉಳಿಯಿತು. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಶಮಶೇರಸಾಬ ಒಳ್ಳೆಯ ಮನುಷ್ಯ; ಚಹಾ ಬೇಕಾದಷ್ಟು ಕುಡೀರಿ, ಆದರೆ ಗಿರಾಕಿಗಳ ಮುಂದೆ ಬಾಟಲಿ ಮಾತ್ರ ತೆಗೀಬ್ಯಾಡ್ರಿ ಎಂದು ಕೈಮುಗಿದು ಹೇಳಿದ್ದ. ಅಂದಾನೆಪ್ಪ ಅಂದಿನಿಂದ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಕುಡಿಯುತ್ತಿದ್ದ.

ಉಳಿದದ್ದು ಒಂದೇ ಮನೆ. ರಾಣೆಬೆನ್ನೂರಿನ ಅಕ್ಕ ಭರಮವ್ವನದು. ಅವನು ಚಂಬು ಎತ್ತಿ ಬೆಳಕಿಗೆ ಹಿಡಿದರೆ ಅವಳು “ಕುಡೀಯೋ, ಅಕ್ಕ ಇಸಾ ಹಾಕಿಲ್ಲ” ಎಂದು ಬೈಯುತ್ತಿದ್ದಳು. ಆ ಬೈಗುಳ ಕೇಳಲೆಂದೇ ಅವನು ತಿಂಗಳಿಗೆರಡು ಸಲ ಹೋಗುತ್ತಿದ್ದ.

ಭರಮವ್ವನ ಮಗಳು ಸ್ನೇಹಾಳ ಮದುವೆ ಗೊತ್ತಾಯಿತು. ಗಂಡು ಚೇತನಕುಮಾರ, ಗಂಡಿನ ದೊಡ್ಡಪ್ಪ ಫಕ್ಕೀರಪ್ಪ. ಬೀಜದ ವ್ಯಾಪಾರದಲ್ಲಿ ಕೈತುಂಬಿದ ಫಕ್ಕೀರಪ್ಪ ಊರ ಅಂಚಿಗೆ ಸ್ವಂತ ಕಲ್ಯಾಣಮಂಟಪ ಕಟ್ಟಿಸಿದ್ದರು. ಮದುವೆ ಅಲ್ಲೇ. ಮಂಟಪದ ಹಿಂದೆ ಒಂದು ಬಾವಿ. ಅದರ ನೀರಿನ ರುಚಿಯನ್ನು ಫಕ್ಕೀರಪ್ಪ ತಮ್ಮ ಸ್ವಂತ ಗುಣ ಎಂಬಂತೆ ವರ್ಣಿಸುತ್ತಿದ್ದರು. ಬಾವಿಯಿಂದ ನೀರು ಏರುವ ದೊಡ್ಡ ಟಾಕಿಗೆ ಬೀಗ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು. ಇಂಥ ನೀರನ್ನು ಯಾರಾದರೂ ಕದ್ದುಗಿದ್ದಾರು ಎಂಬ ಚಿಂತೆ.

ಮದುವೆಗೆ ಎರಡು ದಿನ ಮುಂಚೆ ಸಂಜೆ ಅಂದಾನೆಪ್ಪ ಮಂಟಪ ನೋಡಲು ಹೋದ. ಮದುವೆಗೆಂದೇ ಹೊಸದಾಗಿ ನಾಲ್ಕು ಪಾಯಖಾನೆ ಕಟ್ಟಿಸಿದ್ದರು; ಚಪ್ಪರದ ಆಳುಗಳು ಆಗಲೇ ಅವನ್ನು ಬಳಸುತ್ತಿದ್ದರು. ಅವುಗಳ ಗುಂಡಿಗೂ ಬಾವಿಗೂ ನಡುವೆ ಅವನು ಹೆಜ್ಜೆ ಹಾಕಿ ನೋಡಿದ. ಹನ್ನೊಂದು ಹೆಜ್ಜೆ. ಅವನ ಕೈ ತಾನೇ ಚೀಲಕ್ಕೆ ಹೋಯಿತು. ನಲ್ಲಿಯಿಂದ ಬಾಟಲಿ ತುಂಬಿ ಹೊಟ್ಟೆಗೆ ಕಟ್ಟಿಕೊಂಡ.

ಮನೆಗೆ ಬಂದರೆ ಭರಮವ್ವ ಹೂರಣ ಅರೆಯುತ್ತ ಕೂತಿದ್ದವಳು ತಲೆ ಎತ್ತಲಿಲ್ಲ.

“ಅಂದಾನಿ, ನಾಳೆ ಬೀಗರು ಅರಿಷಿಣ ತೊಗೊಂಡು ಬರತಾರ. ಸ್ವಾದರಮಾವ ಆಗಿ ಬಾ. ಲ್ಯಾಬಿನಾವ ಆಗಿ ಬರಬ್ಯಾಡ.”

ಹೂಂ ಎಂದ. ಹೊಟ್ಟೆಯ ಮೇಲೆ ಬಾಟಲಿ ಆಗಲೇ ಬೆಚ್ಚಗಾಗಿತ್ತು.

ಹಿಂದೆ ಎಷ್ಟೋ ಬಾಟಲಿಗಳನ್ನು ಹೊತ್ತ ಅಂದಾನೆಪ್ಪ ಕಪ್ಪಾದೀತೇ ಎಂದು ಕಾದವನು. ಕಪ್ಪಾಗದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಬೆಳಿಗ್ಗೆ ಬಚ್ಚಲಿಗೆ ಹೋಗಿ ನೋಡಿದ. ಕಾಗದದ ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ಹೊಸ ಪೈಪಿನ ತುಕ್ಕು ಇದ್ದೀತು ಎಂದುಕೊಂಡ. ಹಳ್ಳಿಗಳ ಹಿರಿಯರು ತನ್ನೆದುರು ಹೇಳುತ್ತಿದ್ದ ಮಾತು ಇದೇ ಎಂಬುದು ನೆನಪಾಗಿ ನಾಚಿಕೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಬಾಟಲಿಯ ಆಚೆ ಬೆರಳು ಕಾಣದಷ್ಟು ಕಪ್ಪು.

ಅಕ್ಕನನ್ನು ಹಿತ್ತಲಿಗೆ ಕರೆದು ತೋರಿಸಿದ. ಟಾಕಿಗೆ ಬ್ಲೀಚಿಂಗ್ ಪೌಡರು ಹಾಕಿದರೆ ಸಾಕು, ಆದರೆ ಕೀಲಿ ಬೇಕು, ಕೀಲಿ ಬೇಕಾದರೆ ಹೇಳಬೇಕು ಎಂದ. ಭರಮವ್ವ ಸೆರಗಿನಿಂದ ಬಾಟಲಿ ಮುಚ್ಚಿದಳು. ಎಂಟುನೂರು ಮಂದಿ ಬರುವ ಮದುವೆ. ಬೀಗರ ಬಾವಿಯಲ್ಲಿ ಮಲ ಇದೆ ಎಂದು ಹೆಣ್ಣಿನ ಕಡೆಯವರು ಹೇಳಿದರೆ ನಾಳೆ ಆ ಹುಡುಗಿ ಆ ಮನೆಯಲ್ಲಿ ಬಾಳುವುದು ಹೇಗೆ ಎಂದು ಕೇಳಿದಳು. ಅಂದಾನೆಪ್ಪ ಬಾಟಲಿಯನ್ನು ಮತ್ತೆ ಹೊಟ್ಟೆಗೆ ಕಟ್ಟಿಕೊಂಡ.

“ಈ ಮನ್ಯಾಗ ನಿನಗೊಂದು ಚಂಬು ನೀರು ಅದ. ಅದನ್ನೂ ಕಳಕೋಬ್ಯಾಡೋ ತಮ್ಮಾ.”

ಅವಳು ಹೆದರಿಸಲು ಹೇಳಿದ ಮಾತಲ್ಲ ಅದು. ಹೆದರಿದ್ದವಳು ಅವಳೇ.

ಸಂಜೆ ಬೀಗರು ಬಂದರು. ಅಂಗಳದಲ್ಲಿ ನಗೆಚಾಟಿಕೆ. ಅರಿಷಿಣ ಹಚ್ಚುವ ಹೆಂಗಸರು ಸೋದರಮಾವನನ್ನು ಬಿಡುವುದುಂಟೇ? ಗಂಡಿನ ಕಡೆಯ ನಾಲ್ವರು ಸೇರಿ ಅಂದಾನೆಪ್ಪನನ್ನು ಹಿಡಿದು ಅಂಗಿ ಎಳೆದರು. ವಸ್ತ್ರದ ಗಂಟೂ ಅದರಿಂದ ಇಣುಕುವ ಬಾಟಲಿಯ ಬಾಯಿಯೂ ಎಲ್ಲರಿಗೆ ಕಂಡವು.

ಫಕ್ಕೀರಪ್ಪನವರು ಹೊಟ್ಟೆ ಕುಣಿಸಿ ನಕ್ಕರು.

“ಏನ್ರೀ ಬೀಗರ, ಒಬ್ಬರೇ ಮಾಲು ಇಟಗೊಂಡು ಕುಂತೀರಿ. ನಮಗೂ ಒಂದು ಗುಟುಕು ಕೊಡ್ರಲಾ.”

ಎಲ್ಲರೂ ನಕ್ಕರು. ಭರಮವ್ವ ಮುಂದೆ ಬಂದು, ತಮ್ಮನ ಮುಖ ನೋಡದೆ, “ಅಂವಗೊಂದು ಸಣ್ಣ ಚಟ ಐತ್ರಿ. ಹೆಂಡ್ತಿ ಹೋದಾಗಿಂದ. ನೀವು ಮನಸಿನ್ಯಾಗ ಇಟಗೋಬ್ಯಾಡ್ರಿ” ಎಂದಳು. ಬೀಗರು ದೊಡ್ಡ ಮನಸ್ಸಿನವರು, ಇಟ್ಟುಕೊಳ್ಳಲಿಲ್ಲ. ಹೆಂಗಸರು ಅಯ್ಯೋ ಪಾಪ ಎಂದರು. ಅಷ್ಟು ಜನ ಒಟ್ಟಿಗೆ ಅಂದಾನೆಪ್ಪನತ್ತ ಅಕ್ಕರೆಯಿಂದ ನೋಡಿದ್ದು ಬಹಳ ವರ್ಷಗಳ ಮೇಲೆ. ಒಂದು ನಗೆ ನಕ್ಕು ಅಂಗಿ ಹಾಕಿಕೊಂಡಿದ್ದರೆ ಸಾಕಾಗಿತ್ತು. ಕುಡುಕನಿಗೆ ಎಲ್ಲ ಮನೆಯಲ್ಲೂ ನೀರು ಕೊಡುತ್ತಾರೆ.

ಅವನು ಬಾಟಲಿ ತೆಗೆದು ಕಟ್ಟೆಯ ಮೇಲೆ ಇಟ್ಟ.

“ಮಾಲು ನಿಮ್ಮದೇ ರೀ. ನಿನ್ನೆ ಸಂಜೀಕ ನಿಮ್ಮ ನಲ್ಲಿಯಿಂದ ತುಂಬಿದ್ದು. ಪಾಯಖಾನಿ ಗುಂಡಿ ಬಾವಿಗೆ ಇಳದೈತಿ. ಟಾಕಿ ಕೀಲಿ ಕೊಡ್ರಿ, ಪೌಡರ್ ಹಾಕತೇನಿ.”

ಒಳಗೆ ಬ್ರಾಂದಿ ಇದ್ದಿದ್ದರೆ ಕ್ಷಮೆ ಸಿಗುತ್ತಿತ್ತು. ಫಕ್ಕೀರಪ್ಪನವರ ಮುಖವೂ ಬಾಟಲಿಯ ಬಣ್ಣಕ್ಕೆ ತಿರುಗಿತು. ತಮ್ಮ ಬಾವಿಯ ನೀರು ಕುಡಿದು ಮಂತ್ರಿಗಳು ಮೆಚ್ಚಿದ್ದನ್ನೂ, ಬಡ ನೌಕರರ ಹೊಟ್ಟೆಕಿಚ್ಚನ್ನೂ ವಿವರಿಸಿದರು. ಅವರು ವಿವರಿಸುತ್ತಿದ್ದಂತೆ ಅವರ ಮನೆಯ ಹೆಂಗಸರು, ಮಂಟಪದಿಂದ ಕೊಡದಲ್ಲಿ ತಂದಿದ್ದ ನೀರು ತುಂಬಿದ ಲೋಟಗಳನ್ನು ಮೆಲ್ಲನೆ ನೆಲಕ್ಕಿಟ್ಟರು. ಕೊನೆಗೆ ಫಕ್ಕೀರಪ್ಪನವರು ಉಡದಾರ ಹರಿದು ಕೀಲಿಯನ್ನು ಅಂಗಳಕ್ಕೆ ಎಸೆದದ್ದು ಬಾಟಲಿಗೆ ಹೆದರಿ ಅಲ್ಲ, ಆ ಲೋಟಗಳನ್ನು ಕಂಡು.

ಅಂದಾನೆಪ್ಪ ಕೀಲಿ ಎತ್ತಿಕೊಂಡು ತಿರುಗಿದಾಗ, ಅವನಿಗೆಂದು ತುಂಬಿದ್ದ ಚಂಬು ಹಿಡಿದು ಭರಮವ್ವ ಒಳಗೆ ಹೋಗುತ್ತಿದ್ದಳು.

ಮದುವೆಯ ದಿನ ಬೆಳಗಾಗುವಷ್ಟರಲ್ಲಿ ಅವನು ಟಾಕಿಯ ಮೇಲಿದ್ದ. ಪೌಡರು ಕಲಸಿ ಸುರಿದು ಅರ್ಧ ತಾಸು ಬಿಟ್ಟ. ಸಣ್ಣ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದ. ತಿಳಿ ಹಳದಿ ಬಂತು. ಪೌಡರು ಹತ್ತಿದೆ ಎಂಬ ಗುರುತು. ಅವನ ಪಾಲಿನ ಅರಿಷಿಣ ಅಷ್ಟೇ. ಅಡಿಗೆಯವರು ಬಾವಿಗೆ ಕೊಡ ಇಳಿಸದಂತೆ ಹಿಂದೆಯೇ ಸ್ಟೂಲು ಹಾಕಿ ಕೂತ. ಒಳಗಿನಿಂದ ವಾದ್ಯ ಜೋರಾದಾಗ ಅಕ್ಷತೆ ಬಿತ್ತೆಂದು ತಿಳಿಯಿತು. ಸೋದರಮಾವನ ಜಾಗದಲ್ಲಿ ದೂರದ ಸಂಬಂಧಿ ಸುನೀಲಕುಮಾರ ನಿಂತಿದ್ದನೆಂದು ಆಮೇಲೆ ಅಡಿಗೆಯವರು ಹೇಳಿದರು. ಅಂದಾನೆಪ್ಪ ತನ್ನ ಕೈಯಲ್ಲಿದ್ದ ನಾಲ್ಕು ಕಾಳುಗಳನ್ನು ಗೋಡೆಯ ಕಡೆಗೇ ಹಾಕಿದ.

ಎಂಟುನೂರು ಮಂದಿ ಉಂಡರು. ಅನ್ನ ಆಸ್ಪತ್ರೆಯ ವಾಸನೆ ಹೊಡೆಯುತ್ತದೆ ಎಂಬುದೊಂದೇ ದೂರು. ನಾಲ್ಕು ದಿನ ಕಳೆದರೂ ಒಬ್ಬರ ಹೊಟ್ಟೆಯೂ ಕೆಡಲಿಲ್ಲ. ಅಂದಾನೆಪ್ಪ ತಪ್ಪು ಹೇಳಿದ್ದ ಎಂಬುದಕ್ಕೆ ಊರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಐದನೆಯ ದಿನ ಅವನು ಕೀಲಿ ಹಿಂತಿರುಗಿಸಲು ಅಕ್ಕನ ಮನೆಗೆ ಬಂದ. ಬೀಗರೂ ಬಂದಿದ್ದರು. ಎಲ್ಲರ ಮುಂದೆಯೂ ಚಂಬುಗಳಿದ್ದವು. ಭರಮವ್ವ ಕುಂದ್ರು ಎಂದಳು, ಅಷ್ಟೇ ಎಂದಳು. ಕೂತವನು ಎದ್ದು ಹಿತ್ತಲಿಗೆ ಹೋಗಿ, ನಲ್ಲಿಗೆ ಬೊಗಸೆ ಹಿಡಿದು ಕುಡಿದು ಬಂದ.

ಫಕ್ಕೀರಪ್ಪನವರು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತ, ಇಡೀ ಪಡಸಾಲೆಗೆ ಕೇಳುವಂತೆ ಕೇಳಿದರು.

“ಅಲ್ರೀ, ಇಷ್ಟ ವರ್ಷ ಮಂದಿ ಆ ಬಾವಿ ನೀರ ಕುಡದಾರ. ನಾ ಈ ನೀರ ಕುಡದು ಸತ್ತೆ ಅಂತ ಒಬ್ಬರಾದ್ರೂ ಬಂದು ನಿಮಗ ಹೇಳ್ಯಾರೇನು?”

“ಇಲ್ಲರಿ” ಎಂದ ಅಂದಾನೆಪ್ಪ. “ಸತ್ತಾವ್ರು ಬಂದು ಹೇಳಂಗಿಲ್ಲ. ಅದಕ್ಕ ಸರಕಾರ ನನಗ ಪಗಾರ ಕೊಡತೈತಿ.”